ಡೋವರ್ ಪ್ರಕರಣ: ವಿನ್ಯಾಸವಾದ ಸಾರ್ವಜನಿಕ ಶಾಲೆಯೊಳಗೆ ಯಾವ ಬಾಗಿಲಿನಿಂದ ಬಂತು?

ಸಸ್ಕ್ವೆಹಾನಾ ತೀರ:

ಜೀವಿಗಳ ರಚನೆ ತಾನಾಗಿ ಆದದ್ದಲ್ಲ, ಅದರ ಹಿಂದೆ ಬುದ್ಧಿಯುಳ್ಳ ಒಬ್ಬ ಕರ್ತೃವಿನ ಯೋಜನೆಯಿದೆ ಎಂಬ ವಾದಕ್ಕೆ ಇಂಟೆಲಿಜೆಂಟ್ ಡಿಸೈನ್ ಎಂದು ಹೆಸರು. ಅನುಕೂಲಕ್ಕಾಗಿ ಇಲ್ಲಿ ಅದನ್ನು ವಿನ್ಯಾಸವಾದ ಎನ್ನುತ್ತೇನೆ. ಜನರ ತೆರಿಗೆಯ ಹಣದಿಂದ ನಡೆಯುವ ಶಾಲೆಗಳಲ್ಲಿ ಡಾರ್ವಿನ್ನನ ಜೊತೆಗೆ ಇದನ್ನೂ ಕಲಿಸಿದರೆ ತಪ್ಪೇನು ಎಂಬ ಪ್ರಶ್ನೆ ನಮ್ಮ ಈ ವೇದಿಕೆಯಲ್ಲಿ ಬಂದಾಗಲೆಲ್ಲ ಚರ್ಚೆ ದೇವರಿದ್ದಾನೆಯೇ ಇಲ್ಲವೇ ಎಂಬ ಜಗಳಕ್ಕೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಈ ಸಲ ಒಂದೇ ಪ್ರಕರಣವನ್ನು ಹಿಡಿದು ಮಾತಾಡೋಣ ಎಂಬುದು ನನ್ನ ವಿನಂತಿ. ನಾನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿರುವುದರಿಂದ ಇಲ್ಲಿನ ಯಾರ್ಕ್ ಕೌಂಟಿಗೆ ಸೇರಿದ ಡೋವರ್ ಪ್ರಕರಣವನ್ನೇ ಆರಿಸಿಕೊಂಡಿದ್ದೇನೆ.

2004ರ ಅಕ್ಟೋಬರ್ 18ರಂದು ಡೋವರಿನ ಚುನಾಯಿತ ಶಾಲಾ ಮಂಡಳಿ 6–3 ಮತಗಳಿಂದ ಒಂದು ನಿರ್ಣಯವನ್ನು ಅಂಗೀಕರಿಸಿತು. ಅದರ ಫಲವಾಗಿ, ಒಂಬತ್ತನೆಯ ತರಗತಿಯಲ್ಲಿ ವಿಕಾಸವಾದದ ಪಾಠ ಶುರುವಾಗುವ ಮೊದಲು ನಾಲ್ಕು ಪ್ಯಾರಾಗಳ ಹೇಳಿಕೆಯೊಂದನ್ನು ಮಕ್ಕಳಿಗೆ ಓದಿ ಹೇಳಬೇಕೆಂದಾಯಿತು. ಡಾರ್ವಿನ್ನನದು ಒಂದು ಸಿದ್ಧಾಂತವೇ ಹೊರತು ಸ್ಥಾಪಿತ ಸತ್ಯವಲ್ಲ, ಅದರಲ್ಲಿ ಪುರಾವೆಯಿಲ್ಲದ ಜಾಗಗಳಿವೆ, ವಿನ್ಯಾಸವಾದ ಅದಕ್ಕಿಂತ ಭಿನ್ನವಾದ ವಿವರಣೆ, ಆಸಕ್ತರಿಗಾಗಿ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಎಂಬ ಪುಸ್ತಕ ಲಭ್ಯವಿದೆ, ಮಕ್ಕಳು ಮನಸ್ಸನ್ನು ತೆರೆದಿಟ್ಟುಕೊಳ್ಳಬೇಕು ಎಂಬುದು ಆ ಹೇಳಿಕೆಯ ಸಾರ. ಪಾಠದ ವಿಷಯವನ್ನು ತಿಳಿದೂ ತಿಳಿದೂ ತಪ್ಪಾಗಿ ಬಿಂಬಿಸಬಾರದೆಂದು ರಾಜ್ಯದ ಶಿಕ್ಷಕರ ವೃತ್ತಿಸಂಹಿತೆಯೇ ಹೇಳುತ್ತದೆ ಎಂದು ತೋರಿಸಿ ಜೀವಶಾಸ್ತ್ರದ ಶಿಕ್ಷಕರು ಅದನ್ನು ಓದಲು ಒಪ್ಪಲಿಲ್ಲ. 2005ರ ಜನವರಿಯಲ್ಲಿ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಓದಿ ಹೋದರು. ಓದಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವಂತಿರಲಿಲ್ಲ, ಚರ್ಚೆಗೂ ಅವಕಾಶವಿರಲಿಲ್ಲ. ತೆರೆದ ಮನಸ್ಸಿನ ಬಗ್ಗೆ ಉಪದೇಶಿಸಿದ ಹೇಳಿಕೆಯ ಜೊತೆಗೇ ಈ ನಿರ್ಬಂಧವೂ ಬಂತು ಎಂಬುದನ್ನು ಗಮನಿಸಬೇಕು.

ಅಷ್ಟರಲ್ಲಿ, 2004ರ ಡಿಸೆಂಬರ್ 14ರಂದೇ, 11 ಮಂದಿ ಪೋಷಕರು ಮೊಕದ್ದಮೆ ಹೂಡಿದ್ದರು. ಹ್ಯಾರಿಸ್‌ಬರ್ಗ್‌ನ ಫೆಡರಲ್ ನ್ಯಾಯಾಲಯದಲ್ಲಿ 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ವಿಚಾರಣೆ ನಡೆದು, ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪಿತ್ತರು. ವಿನ್ಯಾಸವಾದ ವಿಜ್ಞಾನವಲ್ಲ, ಅದು ದೇವರೇ ಜೀವಿಗಳನ್ನು ಸೃಷ್ಟಿಸಿದನೆನ್ನುವ ಸೃಷ್ಟಿವಾದದ ಇನ್ನೊಂದು ರೂಪ, ಅದನ್ನು ಸಾರ್ವಜನಿಕ ಶಾಲೆಯ ವಿಜ್ಞಾನ ತರಗತಿಗೆ ತರುವುದು ಸರ್ಕಾರ ಯಾವ ಧರ್ಮವನ್ನೂ ಎತ್ತಿಹಿಡಿಯಬಾರದೆನ್ನುವ ಸಂವಿಧಾನಕ್ಕೆ ವಿರುದ್ಧ ಎಂದು ಅವರು ಹೇಳಿದರು. ಜೋನ್ಸ್ ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು, ಜಾರ್ಜ್ ಡಬ್ಲ್ಯು. ಬುಷ್ ಅವರೇ ನೇಮಿಸಿದವರು. ಇದು ಎಡಪಂಥೀಯರ ಪಿತೂರಿ ಎಂದು ಬರೆಯಲು ಹೊರಡುವವರು ಇಷ್ಟನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.

ನನ್ನ ವಾದ ಇಷ್ಟೇ. ಡೋವರಿನಲ್ಲಿ ನಿಜವಾಗಿ ಸೋತದ್ದು ದೈವನಂಬಿಕೆಯಲ್ಲ. ವಿದ್ವಾಂಸರ ವಿಮರ್ಶೆಯಲ್ಲಿ ಗೆಲ್ಲದೆ ನೇರವಾಗಿ ಶಾಲಾ ಮಂಡಳಿಯ ಬಹುಮತದ ಮೂಲಕ ಪಠ್ಯಕ್ರಮವನ್ನು ಸೇರಲು ಯತ್ನಿಸಿದ ಮಾರ್ಗ ಸೋತಿತು. ಅದಕ್ಕೆ ಅತ್ಯಂತ ಬಲವಾದ ಪುರಾವೆ ಸಿಕ್ಕಿದ್ದು ಆ ಪಾಂಡಾ ಪುಸ್ತಕದ ಕರಡು ಪ್ರತಿಗಳಲ್ಲಿ. ವಿಕಾಸವಾದವನ್ನು ಕಲಿಸಿದರೆ ಸೃಷ್ಟಿವಾದವನ್ನೂ ವಿಜ್ಞಾನವೆಂದು ಬೋಧಿಸಬೇಕೆನ್ನುವ ಲೂಸಿಯಾನಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ 7–2 ಬಹುಮತದಿಂದ ರದ್ದುಮಾಡಿತ್ತು. ಪಾಂಡಾ ಪುಸ್ತಕ ಅಚ್ಚಾದದ್ದು 1989ರಲ್ಲಿ. ಸಾಕ್ಷಿಯಾಗಿ ಬಂದ ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಅದರ ಹಳೆಯ ಕರಡುಗಳನ್ನು ಸಾಲಾಗಿ ನ್ಯಾಯಾಲಯದ ಮುಂದಿಟ್ಟರು. 1987ರ ತೀರ್ಪಿಗೆ ಹಿಂದಿನ ಕರಡುಗಳಲ್ಲಿ ‘ಸೃಷ್ಟಿ’ ಎಂದಿದ್ದ ಕಡೆಯೆಲ್ಲ ನಂತರದ ಕರಡುಗಳಲ್ಲಿ ‘ಬುದ್ಧಿಯುಳ್ಳ ವಿನ್ಯಾಸ’ ಎಂದಾಗಿತ್ತು. ವಾಕ್ಯದ ಉಳಿದ ಭಾಗ ಹಾಗೆಯೇ ಇತ್ತು. ಒಂದು ಕಡೆಯಂತೂ ‘ಕ್ರಿಯೇಷನಿಸ್ಟ್ಸ್’ (ಸೃಷ್ಟಿವಾದಿಗಳು) ಎಂಬುದನ್ನು ಪೂರ್ತಿ ಅಳಿಸದೆ ಅದರ ನಡುವೆಯೇ ‘ಡಿಸೈನ್ ಪ್ರೊಪೊನೆಂಟ್ಸ್’ (ವಿನ್ಯಾಸದ ಪ್ರತಿಪಾದಕರು) ಎಂದು ತುರುಕಿದ್ದರಿಂದ, ಹಳೆಯ ಪದದ ತಲೆ ಬಾಲಗಳೆರಡೂ ಹೊಸದರ ಆಚೀಚೆ ಅಂಟಿಕೊಂಡು ಉಳಿದಿದ್ದವು. ತಾವು ಸೃಷ್ಟಿವಾದಕ್ಕೆ ಸಂಬಂಧಿಸಿದವರೇ ಅಲ್ಲ ಎಂದು ಹೇಳಿಕೊಂಡವರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು.

ತತ್ತ್ವಜಿಜ್ಞಾಸು:

ತಮ್ಮ ವಿವರಣೆ ಚೆನ್ನಾಗಿದೆ, ಆದರೆ ಅದರೊಳಗೆ ನನಗೆ ಒಪ್ಪಿಗೆಯಾಗದ ಒಂದು ಹೆಜ್ಜೆಯಿದೆ. ಒಂದು ವಾದವನ್ನು ಮಂಡಿಸಿದವರ ಉದ್ದೇಶ ಧಾರ್ಮಿಕವಾಗಿತ್ತು ಎಂದು ತೋರಿಸಿದ ಮಾತ್ರಕ್ಕೆ ಆ ವಾದ ಸುಳ್ಳಾಗುವುದಿಲ್ಲ. ಡೋವರ್ ಮಂಡಳಿಯ ಸದಸ್ಯರು ಮೋಸ ಮಾಡಿದರೆಂದೇ ಇಟ್ಟುಕೊಳ್ಳೋಣ. ಅವರ ನಿರ್ಣಯವನ್ನು ರದ್ದುಮಾಡಲು ಅಷ್ಟು ಸಾಕಿತ್ತು. ಜೋನ್ಸ್ ಅಲ್ಲಿಗೆ ನಿಲ್ಲದೆ ಯಾವುದು ವಿಜ್ಞಾನ, ಯಾವುದು ಅಲ್ಲ ಎಂಬ ಗೆರೆಯನ್ನೂ ತಾವೇ ಎಳೆದರು. ಆ ಗೆರೆಯನ್ನು ಎಳೆಯುವುದು ಹೇಗೆಂದು ತತ್ತ್ವಶಾಸ್ತ್ರಜ್ಞರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಇದು ವಿನ್ಯಾಸವಾದಿಗಳು ಮಾತ್ರ ಎತ್ತುವ ಆಕ್ಷೇಪವಲ್ಲ. 1982ರಲ್ಲಿ ಅರ್ಕಾನ್ಸಾ ರಾಜ್ಯದ ಇಂಥದೇ ಪ್ರಕರಣದಲ್ಲಿ ನ್ಯಾಯಾಧೀಶ ಓವರ್ಟನ್ ವಿಜ್ಞಾನಕ್ಕೆ ಲಕ್ಷಣಗಳನ್ನು ಪಟ್ಟಿಮಾಡಿದಾಗ ಅದನ್ನು ಕಟುವಾಗಿ ಟೀಕಿಸಿದ ತತ್ತ್ವಶಾಸ್ತ್ರಜ್ಞ ಲ್ಯಾರಿ ಲೌಡನ್ ಸೃಷ್ಟಿವಾದದ ಬೆಂಬಲಿಗರಾಗಿರಲಿಲ್ಲ. ಸೃಷ್ಟಿವಾದಿಗಳ ಹೇಳಿಕೆಗಳನ್ನು ಪರೀಕ್ಷಿಸಬಹುದು, ಪರೀಕ್ಷಿಸಿ ಸುಳ್ಳೆಂದು ತೋರಿಸಲಾಗಿದೆ, ಹಾಗಿರುವಾಗ ಅವು ಪರೀಕ್ಷೆಗೆ ಸಿಗುವುದಿಲ್ಲವೆಂದು ಸಾರುವುದು ಅವರಿಗೇ ರಕ್ಷಣೆ ಕೊಟ್ಟಂತೆ ಎಂಬುದು ಲೌಡನ್ ಅವರ ವಾದವಾಗಿತ್ತು. ನಾಸ್ತಿಕರೇ ಆದ ತತ್ತ್ವಶಾಸ್ತ್ರಜ್ಞ ಥಾಮಸ್ ನಾಗೆಲ್ ಕೂಡ 2008ರಲ್ಲಿ, ವಿನ್ಯಾಸವಾದವನ್ನು ತರಗತಿಯಿಂದ ಹೊರಗಿಡಲು ಕೊಡುವ ಕಾರಣಗಳು ನಾವು ಎಣಿಸಿದಷ್ಟು ಸರಳವಲ್ಲ ಎಂದು ಬರೆದರು. ಮಕ್ಕಳಿಗೆ ಎರಡೂ ಪಕ್ಷಗಳನ್ನು ತೋರಿಸಿ ವಿಚಾರ ಮಾಡಲು ಬಿಡುವುದರಲ್ಲಿ ಅಷ್ಟೊಂದು ಭಯವೇಕೆ?

ಜೀವಕೋಶ:

ಲೌಡನ್ ಅವರ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಒಪ್ಪಿದರೂ ಫಲಿತಾಂಶ ಬದಲಾಗುವುದಿಲ್ಲ. ವಿನ್ಯಾಸವಾದ ವಿಜ್ಞಾನವೇ ಅಲ್ಲ ಎನ್ನುವ ಬದಲು ಪರೀಕ್ಷೆಯಲ್ಲಿ ಸೋತ ವಿಜ್ಞಾನ ಎಂದರೂ, ಸೋತದ್ದನ್ನು ಸಮಬಲದ ಪ್ರತಿಪಕ್ಷವೆಂದು ಒಂಬತ್ತನೆಯ ತರಗತಿಯ ಮಕ್ಕಳ ಮುಂದಿಡಲು ಕಾರಣ ಸಿಗುವುದಿಲ್ಲ. ಆ ಸೋಲು ಹೇಗಾಯಿತೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಚರ್ಚೆಗಳಲ್ಲಿ ಆ ಭಾಗವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಡೋವರಿನಲ್ಲಿ ಮಂಡಳಿಯ ಪರವಾಗಿ ಬಂದ ಪ್ರಮುಖ ಸಾಕ್ಷಿ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. ಕೆಲವು ಜೈವಿಕ ರಚನೆಗಳಲ್ಲಿ ಒಂದು ಭಾಗವನ್ನು ತೆಗೆದರೂ ಇಡೀ ವ್ಯವಸ್ಥೆ ನಿಂತುಹೋಗುತ್ತದೆ, ಅಂಥವು ಹಂತ ಹಂತವಾಗಿ ವಿಕಾಸಗೊಳ್ಳಲು ಸಾಧ್ಯವಿಲ್ಲ ಎಂಬುದು 1996ರಿಂದಲೂ ಅವರ ವಾದ. ಬ್ಯಾಕ್ಟೀರಿಯಾವನ್ನು ಈಜಿಸುವ ಕಶಾಂಗ ಅವರ ಅಚ್ಚುಮೆಚ್ಚಿನ ಉದಾಹರಣೆ. ಅದರ ಬುಡದಲ್ಲಿ ತಿರುಗುವ ಯಂತ್ರದಂಥ ರಚನೆಯಿದ್ದು, ಒಟ್ಟಾರೆ ಸುಮಾರು 30ರಿಂದ 40 ಬಗೆಯ ಪ್ರೋಟೀನುಗಳು ಸೇರಿ ಅದು ಆಗಿದೆ. ಪೋಷಕರ ಪರವಾಗಿ ಮೊದಲು ಸಾಕ್ಷಿ ನುಡಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಇದಕ್ಕೆ ಕೊಟ್ಟ ಉತ್ತರ ನೇರವಾಗಿತ್ತು. ಆ ಪ್ರೋಟೀನುಗಳಲ್ಲಿ ಹೆಚ್ಚಿನವನ್ನು ತೆಗೆದು ಬುಡದ ಸುಮಾರು ಹತ್ತನ್ನು ಮಾತ್ರ ಉಳಿಸಿದರೆ, ಪ್ಲೇಗಿನಂಥ ರೋಗಗಳ ಬ್ಯಾಕ್ಟೀರಿಯಾಗಳು ಬೇರೆ ಜೀವಕೋಶಗಳಿಗೆ ವಿಷವನ್ನು ಚುಚ್ಚಲು ಬಳಸುವ ಸ್ರಾವವ್ಯವಸ್ಥೆಗೆ ಬಹಳ ಹೋಲುವ ರಚನೆ ಸಿಗುತ್ತದೆ. ಅದು ಈಜಲಾರದು, ನಿಜ, ಆದರೆ ಬೇರೊಂದು ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ. ಭಾಗ ತೆಗೆದರೆ ನಿಷ್ಪ್ರಯೋಜಕ ಎಂಬ ಮಾತು ಅಲ್ಲಿಗೆ ಬಿತ್ತು. ಕಶಾಂಗ ವಿಕಾಸಗೊಂಡ ಪ್ರತಿಯೊಂದು ಹೆಜ್ಜೆಯೂ ಇದರಿಂದ ತಿಳಿದುಹೋಯಿತು ಎಂದೇನೂ ಅಲ್ಲ. ಅಸಾಧ್ಯವೆಂಬ ವಾದ ಮಾತ್ರ ನಿಲ್ಲಲಿಲ್ಲ.

ರೋಗನಿರೋಧಕ ವ್ಯವಸ್ಥೆಯ ವಿಷಯದಲ್ಲಿ ನಡೆದದ್ದು ಇನ್ನೂ ಕುತೂಹಲಕರವಾಗಿದೆ. ಅದರ ವಿಕಾಸದ ಬಗ್ಗೆ ವಿಜ್ಞಾನದ ಸಾಹಿತ್ಯದಲ್ಲಿ ಉತ್ತರವಿಲ್ಲ ಎಂದು ಬೀಹಿ ಬರೆದಿದ್ದರು. ಪಾಟೀಸವಾಲಿನಲ್ಲಿ ಪೋಷಕರ ವಕೀಲರು ಅದೇ ವಿಷಯದ ಮೇಲೆ ವಿದ್ವಾಂಸರ ಪರಿಶೀಲನೆಗೊಂಡು ಪ್ರಕಟವಾದ 58 ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ಪಠ್ಯಪುಸ್ತಕಗಳ ಅಧ್ಯಾಯಗಳನ್ನೂ ಅವರ ಮುಂದೆ ಪೇರಿಸಿಟ್ಟರು. ಅವು ಸಾಲವು ಎಂಬುದೇ ಬೀಹಿಯವರ ಉತ್ತರವಾಗಿತ್ತು. ವಿಜ್ಞಾನಕ್ಕೆ ಅವರು ಕೊಡುತ್ತಿದ್ದ ವಿಶಾಲವಾದ ವ್ಯಾಖ್ಯೆಯನ್ನು ಒಪ್ಪಿದರೆ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತವಾಗುತ್ತದೆ ಎಂದು ಅದೇ ಪಾಟೀಸವಾಲಿನಲ್ಲಿ ಅವರು ಒಪ್ಪಿಕೊಂಡರು. ಅವರ ವಾದವನ್ನು ತಾವು ಬೆಂಬಲಿಸುವುದಿಲ್ಲ ಎಂದು ಲೀಹೈಯ ಅವರದೇ ವಿಭಾಗ ಬಹಿರಂಗವಾಗಿ ಹೇಳಿಕೆ ಕೊಟ್ಟಿದೆ, ಹಾಗಿದ್ದರೂ ಅವರ ಹುದ್ದೆಗೆ ಕುತ್ತು ಬರಲಿಲ್ಲ. ಭಿನ್ನಮತಕ್ಕೆ ವಿಜ್ಞಾನಿಗಳು ಅವಕಾಶ ಕೊಡುವುದಿಲ್ಲ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇನ್ನೊಂದು ಮಾತು. ಮಿಲ್ಲರ್ ನಂಬಿಕೆಯುಳ್ಳ ಕ್ಯಾಥೊಲಿಕರು. ಪೋಷಕರ ಪರ ಸಾಕ್ಷಿ ಹೇಳಿದ ಜಾನ್ ಹಾಟ್ ಅವರಂತೂ ದೇವತಾಶಾಸ್ತ್ರದ ವಿದ್ವಾಂಸರು. ಆಸ್ತಿಕರಿಗೂ ನಾಸ್ತಿಕರಿಗೂ ನಡೆದ ಕದನವೆಂದು ಇದನ್ನು ಚಿತ್ರಿಸಿದರೆ ಈ ಇಬ್ಬರನ್ನು ಎಲ್ಲಿ ಕೂರಿಸುತ್ತೀರಿ?

ಧಾರವಾಡದ ವಕೀಲ:

ಕಾನೂನಿನ ಅಂಶದಲ್ಲಿ ಎರಡು ವಿಷಯಗಳನ್ನು ಸ್ಪಷ್ಟಪಡಿಸುತ್ತೇನೆ.

ವಿಜ್ಞಾನ ಯಾವುದು ಎಂದು ನ್ಯಾಯಾಧೀಶರು ಏಕೆ ಹೇಳಬೇಕಿತ್ತು ಎಂಬುದಕ್ಕೆ ತತ್ತ್ವಜಿಜ್ಞಾಸು ಅವರು ಅಂದುಕೊಂಡದ್ದಕ್ಕಿಂತ ಸರಳವಾದ ಉತ್ತರವಿದೆ: ಎರಡೂ ಪಕ್ಷಗಳು ಅದನ್ನು ತೀರ್ಮಾನಿಸಿ ಎಂದೇ ಕೇಳಿಕೊಂಡು, ತಂತಮ್ಮ ತಜ್ಞರನ್ನು ಸಾಕ್ಷಿಕಟ್ಟೆಗೆ ಹತ್ತಿಸಿದ್ದವು. ತಮ್ಮ ನಿರ್ಣಯದ ಉದ್ದೇಶ ವಿಜ್ಞಾನದ ಶಿಕ್ಷಣವನ್ನು ಸುಧಾರಿಸುವುದು ಎಂಬುದೇ ಮಂಡಳಿಯ ಮುಖ್ಯ ಸಮರ್ಥನೆಯಾಗಿದ್ದಾಗ, ಅಲ್ಲಿ ವಿಜ್ಞಾನವಿದೆಯೇ ಎಂದು ನೋಡದೆ ತೀರ್ಪು ಬರೆಯುವುದು ಹೇಗೆ? ಅದಲ್ಲದೆ ಜೋನ್ಸ್ ಅವರ ತೀರ್ಪಿನಲ್ಲಿ ದೊಡ್ಡ ಪಾಲು ಮಂಡಳಿಯ ಸಭೆಗಳಲ್ಲಿ ನಡೆದ ಸಂಗತಿಗಳಿಗೆ ಮೀಸಲಾಗಿದೆ. ಪಾಂಡಾ ಪುಸ್ತಕದ ಪ್ರತಿಗಳನ್ನು ಕೊಳ್ಳಲು ಮಂಡಳಿಯ ಸದಸ್ಯರೊಬ್ಬರ ಚರ್ಚಿನಲ್ಲಿ ಹಣ ಸಂಗ್ರಹವಾಗಿ, ಇನ್ನೊಬ್ಬ ಸದಸ್ಯರ ತಂದೆಯ ಕೈಗೆ ಚೆಕ್ಕಿನ ರೂಪದಲ್ಲಿ ಹೋಗಿತ್ತು. ಆ ಹಣದ ಮೂಲವನ್ನು ಪ್ರಮಾಣ ಮಾಡಿ ಹೇಳುವ ಸಂದರ್ಭದಲ್ಲಿ ಈ ಸದಸ್ಯರು ಮರೆಮಾಚಿದರು. ಧರ್ಮದ ಹೆಸರನ್ನು ಸಾರ್ವಜನಿಕವಾಗಿ ಹೆಮ್ಮೆಯಿಂದ ಹೇಳಿಕೊಳ್ಳುವವರೇ ಮತ್ತೆ ಮತ್ತೆ ಸುಳ್ಳು ನುಡಿದದ್ದು ವಿಪರ್ಯಾಸ ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ತೀರ್ಪಿನಲ್ಲೇ ಬರೆದಿದ್ದಾರೆ.

ಎರಡನೆಯದು ಈ ತೀರ್ಪಿನ ವ್ಯಾಪ್ತಿ. ತೀರ್ಪು ಬರುವುದಕ್ಕೂ ಮೊದಲೇ, 2005ರ ನವೆಂಬರ್ 8ರ ಚುನಾವಣೆಯಲ್ಲಿ, ಮತ್ತೆ ಸ್ಪರ್ಧಿಸಿದ್ದ ಎಂಟು ಸದಸ್ಯರನ್ನೂ ಡೋವರಿನ ಮತದಾರರು ಸೋಲಿಸಿದ್ದರು. ಹೊಸ ಮಂಡಳಿ ಮೇಲ್ಮನವಿ ಸಲ್ಲಿಸಲಿಲ್ಲ. ಹಾಗಾಗಿ ಈ ತೀರ್ಪು ಪೆನ್ಸಿಲ್ವೇನಿಯಾದ ಮಧ್ಯ ನ್ಯಾಯಾಂಗ ಜಿಲ್ಲೆಯಿಂದ ಆಚೆಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಉಳಿದೆಡೆ ಇದಕ್ಕಿರುವುದು ಗೌರವದ ಬಲ ಮಾತ್ರ. ಜೋನ್ಸ್ ಬಳಸಿದ ಮಾನದಂಡಗಳಲ್ಲಿ ಒಂದು, ಸರ್ಕಾರದ ಕ್ರಮದ ಉದ್ದೇಶ ಮತ್ತು ಪರಿಣಾಮ ಧಾರ್ಮಿಕವೇ ಎಂದು ನೋಡುವ 1971ರ ಲೆಮನ್ ಪ್ರಕರಣದ್ದು, ಅದೂ ಪೆನ್ಸಿಲ್ವೇನಿಯಾದಿಂದಲೇ ಬಂದ ಪ್ರಕರಣ. ಆ ಮಾನದಂಡವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ, ಫುಟ್ಬಾಲ್ ತರಬೇತುದಾರರೊಬ್ಬರ ಪ್ರಾರ್ಥನೆಗೆ ಸಂಬಂಧಿಸಿದ ಬ್ರೆಮರ್ಟನ್ ಪ್ರಕರಣದಲ್ಲಿ ಬಿಟ್ಟುಕೊಟ್ಟು, ಇತಿಹಾಸ ಮತ್ತು ಪರಂಪರೆಯನ್ನು ನೋಡಬೇಕೆಂದು ಹೇಳಿತು. 1987ರ ಲೂಸಿಯಾನಾ ತೀರ್ಪು ಮಾತ್ರ ರದ್ದಾಗಿಲ್ಲ. 2024ರಲ್ಲಿ ವೆಸ್ಟ್ ವರ್ಜೀನಿಯಾ, ವಿಶ್ವ ಮತ್ತು ಜೀವ ಹೇಗೆ ಬಂದವು ಎಂಬ ವೈಜ್ಞಾನಿಕ ಸಿದ್ಧಾಂತಗಳ ಬಗ್ಗೆ ವಿದ್ಯಾರ್ಥಿಗಳು ಕೇಳಿದರೆ ಉತ್ತರಿಸುವ ಶಿಕ್ಷಕರನ್ನು ತಡೆಯಬಾರದೆಂದು ಕಾನೂನು ಮಾಡಿತು. ಮೊದಲ ಕರಡಿನಲ್ಲಿದ್ದ ವಿನ್ಯಾಸವಾದದ ಹೆಸರು ಅಂತಿಮ ರೂಪದಲ್ಲಿ ಇಲ್ಲ. ಆ ಹೆಸರನ್ನು ಕೈಬಿಟ್ಟದ್ದೇ ಡೋವರಿನ ಪರಿಣಾಮ ಎಂದು ನನ್ನ ಅಂದಾಜು.

ಮಲೆನಾಡಿನ ಮೇಷ್ಟ್ರು:

ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವವನು. ಅಮೆರಿಕದವರನ್ನು ನೋಡಿ ನಗುವ ಸ್ಥಿತಿಯಲ್ಲಿ ನಾವಿಲ್ಲ ಎಂದಷ್ಟೇ ಹೇಳಬಯಸುತ್ತೇನೆ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಅದನ್ನು ಪಠ್ಯದಲ್ಲಿ ಬದಲಾಯಿಸಬೇಕು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ಅಕಾಡೆಮಿಗಳು ಒಟ್ಟಾಗಿ ಅದನ್ನು ಖಂಡಿಸಿದವು. ಅಂಥ ಮಾತು ಆಡಬೇಡಿ ಎಂದು ಅವರ ಹಿರಿಯ ಸಚಿವರೂ ಹೇಳಿದರು. ಅದಾದ ಐದು ವರ್ಷಕ್ಕೆ, 2023ರಲ್ಲಿ, ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯ ಬರೀ ‘ಅನುವಂಶೀಯತೆ’ಯಾಗಿ ಉಳಿಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಹಾಗೆ ಮಾಡಿದೆವು ಎಂಬುದು ಪರಿಷತ್ತಿನ ಸಮಜಾಯಿಷಿ. ವಿಜ್ಞಾನಿಗಳು, ಶಿಕ್ಷಕರು ಸೇರಿ 1,800ಕ್ಕೂ ಹೆಚ್ಚು ಮಂದಿ ಅದನ್ನು ವಿರೋಧಿಸುವ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಆರಿಸಿಕೊಂಡವರಿಗೆ ಆ ಪಾಠ ಇನ್ನೂ ಇದೆ. ಉಳಿದ ಮಕ್ಕಳು ಅದನ್ನು ಕೇಳದೆಯೇ ಶಾಲೆ ಮುಗಿಸಬಹುದು. ನಮ್ಮಲ್ಲಿ ಡೋವರಿನ ಹೇಳಿಕೆಯಂಥದ್ದನ್ನು ಓದುವ ಅಗತ್ಯವೇ ಬೀಳಲಿಲ್ಲ. ಪಾಠವೇ ಇಲ್ಲದಿದ್ದರೆ ಮುನ್ನುಡಿ ಯಾರಿಗೆ ಬೇಕು?

ಮಕ್ಕಳ ಪ್ರಶ್ನೆಗಳ ಬಗ್ಗೆಯೂ ಹೇಳಬೇಕು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂದು ದಶಾವತಾರದಲ್ಲೇ ವಿಕಾಸವಾದ ಇದೆಯಲ್ಲ ಸಾರ್ ಎಂದು ಬುದ್ಧಿವಂತ ಹುಡುಗರೇ ಕೇಳುತ್ತಾರೆ. ವಿಕಾಸ ವಿಜ್ಞಾನದ ದಿಗ್ಗಜರಲ್ಲೊಬ್ಬರಾಗಿ ಕೊನೆಗೆ ಭಾರತದಲ್ಲೇ ನೆಲೆಸಿದ ಜೆ.ಬಿ.ಎಸ್. ಹಾಲ್ಡೇನ್ ಕೂಡ ಆ ಸಾಮ್ಯವನ್ನು ಗುರುತಿಸಿದ್ದರು. ನಾನು ಆ ಹುಡುಗನನ್ನು ಗದರುವುದಿಲ್ಲ. ಆ ಸಾಲಿನಲ್ಲಿ ಒಂದು ಅವತಾರ ಇನ್ನೊಂದರಿಂದ ಹುಟ್ಟಿತೇ, ಮರಿಗಳಲ್ಲಿ ವ್ಯತ್ಯಾಸಗಳು ಹೇಗೆ ಬರುತ್ತವೆ, ಯಾವುದು ಉಳಿಯುತ್ತದೆ, ಏಕೆ ಉಳಿಯುತ್ತದೆ ಎಂಬುದಕ್ಕೆ ಕಥೆಯಲ್ಲಿ ಉತ್ತರ ಹುಡುಕಿಕೊಂಡು ಬಾ ಎನ್ನುತ್ತೇನೆ. ಅದರ ನಂತರ ನಿಸರ್ಗದ ಆಯ್ಕೆಯ ಪಾಠ ತೆಗೆದುಕೊಂಡರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ತತ್ತ್ವಜಿಜ್ಞಾಸು:

ಮೇಷ್ಟ್ರೇ, ತಾವು ಮಾಡುತ್ತಿರುವುದೇ ನಾನು ಕೇಳುತ್ತಿರುವುದು. ಜೀವಕೋಶ ಅವರು ಕೊಟ್ಟ ಕಶಾಂಗದ ವಿವರವನ್ನು ನಾನು ಅಲ್ಲಗಳೆಯುವುದಿಲ್ಲ. ವಿಜ್ಞಾನದ ಗಂಟೆಯಲ್ಲಿ ವಿನ್ಯಾಸವಾದಕ್ಕೆ ಜಾಗ ಬೇಡ ಎಂಬುದನ್ನು ಒಪ್ಪೋಣ. ಆದರೆ ಈ ವಾದ ಡೋವರಿನಲ್ಲಿ ಹುಟ್ಟಿದ್ದಲ್ಲ. ಮಡಕೆಗೆ ಕುಂಬಾರನಿರುವಂತೆ ಕಾರ್ಯರೂಪವಾದ ಜಗತ್ತಿಗೂ ಒಬ್ಬ ಕರ್ತೃ ಇರಲೇಬೇಕೆಂದು ನ್ಯಾಯದರ್ಶನದ ತಾರ್ಕಿಕರಾದ ನಮ್ಮ ನೈಯಾಯಿಕರು, ಅದರಲ್ಲೂ ಉದಯನಾಚಾರ್ಯರು, ಬಹಳ ಸೂಕ್ಷ್ಮವಾಗಿ ವಾದಿಸಿದ್ದಾರೆ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ, ‘ಶಾಸ್ತ್ರಯೋನಿತ್ವಾತ್’ ಎಂಬ ಸೂತ್ರದ ಕೆಳಗೆ, ಇದೇ ಬಗೆಯ ತರ್ಕವನ್ನು ಖಂಡಿಸುತ್ತಾರೆ. ಭೂಮಿ, ಸಮುದ್ರ ಎಲ್ಲವನ್ನೂ ಒಬ್ಬನೇ ಒಂದೇ ಕಾಲದಲ್ಲಿ ಮಾಡಿದನೆಂದು ಮಡಕೆಯನ್ನು ನೋಡಿ ಹೇಳಲು ಬರುವುದಿಲ್ಲ, ಈಶ್ವರನನ್ನು ತಿಳಿಯಲು ಶಾಸ್ತ್ರವೇ ಪ್ರಮಾಣ ಎಂಬುದು ಅವರ ನಿಲುವು. ಪರಮ ಆಸ್ತಿಕರೊಬ್ಬರು ವಿನ್ಯಾಸದ ವಾದವನ್ನು ಹೀಗೆ ಮುರಿದದ್ದನ್ನು ಹೈಸ್ಕೂಲಿನ ಮಕ್ಕಳು ಓದಿದರೆ ಅವರ ಬುದ್ಧಿ ಚುರುಕಾಗದೇ? ತತ್ತ್ವಶಾಸ್ತ್ರದ ತರಗತಿಯಲ್ಲಿ ಇದಕ್ಕೆ ಸ್ಥಾನ ಕೊಡಬಾರದೆಂದು ಯಾವ ಸಂವಿಧಾನವೂ ಹೇಳಲಾರದು.

ಧಾರವಾಡದ ವಕೀಲ:

ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಮೇಷ್ಟ್ರ ಶಾಲೆಯಂತೆ ಅನುದಾನ ಪಡೆಯುವ ಸಂಸ್ಥೆಗಳಲ್ಲಿ ಒಪ್ಪಿಗೆಯಿಲ್ಲದೆ ಅದನ್ನು ಹೇರುವಂತಿಲ್ಲ. ಆದರೆ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಧಾರ್ಮಿಕ ಬೋಧನೆಯಾಗುವುದಿಲ್ಲ ಎಂಬ ನಿಲುವನ್ನು ನಮ್ಮ ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ತಳೆದಿದೆ. ಆದ್ದರಿಂದ ನೀವು ಹೇಳುವಂಥ ಪಾಠಕ್ಕೆ ಇಲ್ಲಿ ಕಾನೂನಿನ ಅಡ್ಡಿ ಕಾಣುವುದಿಲ್ಲ.

ಸಸ್ಕ್ವೆಹಾನಾ ತೀರ:

ತತ್ತ್ವಜಿಜ್ಞಾಸು ಅವರ ಸಲಹೆ ಕೇಳಲು ಬಹಳ ಹಿತವಾಗಿದೆ. ಆದರೆ ಡೋವರ್ ತೀರ್ಪು ಬಂದ ಮರುತಿಂಗಳೇ ಅದನ್ನು ಕ್ಯಾಲಿಫೋರ್ನಿಯಾದ ಲೆಬೆಕ್ ಎಂಬ ಊರಿನ ಸಾರ್ವಜನಿಕ ಪ್ರೌಢಶಾಲೆಯೊಂದು ಪ್ರಯತ್ನಿಸಿತ್ತು. ‘ವಿನ್ಯಾಸದ ತತ್ತ್ವಶಾಸ್ತ್ರ’ ಎಂಬ ಹೆಸರಿನಲ್ಲಿ ಕೆಲವೇ ವಾರಗಳ ಐಚ್ಛಿಕ ವಿಷಯವೊಂದನ್ನು ಅಲ್ಲಿ ಶುರುಮಾಡಿದರು. ಅದರ ಪಾಠಪಟ್ಟಿಯನ್ನು ತೆರೆದು ನೋಡಿದರೆ, ಮಕ್ಕಳಿಗೆ ತೋರಿಸಲಿದ್ದ ವೀಡಿಯೊಗಳಲ್ಲಿ ಬಹುಪಾಲು ಸೃಷ್ಟಿವಾದದ ಪ್ರಚಾರಕ್ಕಾಗಿ ಮಾಡಿದವು. ಪೋಷಕರು ನ್ಯಾಯಾಲಯಕ್ಕೆ ಹೋದರು. ಆ ಭಾಗದ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆ ರಾಜಿ ಮಾಡಿಕೊಂಡು, ಅವಧಿ ಮುಗಿಯುವ ಮೊದಲೇ ಆ ವಿಷಯವನ್ನು ನಿಲ್ಲಿಸಿ, ಮುಂದೆಂದೂ ಬೋಧಿಸುವುದಿಲ್ಲವೆಂದು ಒಪ್ಪಿಕೊಂಡಿತು. ತರಗತಿಯ ಹೆಸರನ್ನು ಬದಲಾಯಿಸುವುದು ಪಾಂಡಾ ಪುಸ್ತಕದ ಕರಡಿನಲ್ಲಿ ಪದ ಬದಲಾಯಿಸಿದಷ್ಟೇ ಸುಲಭ ಎಂಬುದು ನನ್ನ ಅನುಮಾನಕ್ಕೆ ಕಾರಣ.

ಇಂಗ್ಲೆಂಡಿನವರು ಇದನ್ನು ಬೇರೆ ರೀತಿ ನಿಭಾಯಿಸಿದ್ದಾರೆ. ಸರ್ಕಾರದ ಹಣ ಪಡೆಯುವ, ಅಕಾಡೆಮಿ ಮತ್ತು ಫ್ರೀ ಸ್ಕೂಲ್ ಎಂಬ ಬಗೆಯ ಶಾಲೆಗಳು ಸೃಷ್ಟಿವಾದವನ್ನು ವೈಜ್ಞಾನಿಕ ಸಿದ್ಧಾಂತವೆಂದು ಬೋಧಿಸಬಾರದು ಎಂಬುದನ್ನು ಅನುದಾನದ ಒಪ್ಪಂದದಲ್ಲೇ ಸೇರಿಸಿ, ಧರ್ಮದ ಪಾಠದಲ್ಲಿ ಅದರ ಬಗ್ಗೆ ಮಾತಾಡಲು ಅವಕಾಶ ಉಳಿಸಿದ್ದಾರೆ. ಅಲ್ಲಿ ಧರ್ಮದ ಪಾಠ ಶಾಲೆಯಲ್ಲಿ ಮೊದಲಿನಿಂದಲೂ ಇರುವುದರಿಂದ ಅದು ನಡೆಯುತ್ತದೆ.

ಕಾವೇರಿ ಕಣಿವೆ:

ಇಷ್ಟೆಲ್ಲ ಆದ ಮೇಲೆ ವ್ಯಾಜ್ಯದ ಖರ್ಚನ್ನು ಯಾರು ಕೊಟ್ಟರು ಎಂಬುದನ್ನು ಯಾರೂ ಹೇಳಲಿಲ್ಲ.

ಧಾರವಾಡದ ವಕೀಲ:

ಶಾಲಾ ಜಿಲ್ಲೆಯೇ ಕೊಟ್ಟಿತು, ಅಂದರೆ ಡೋವರಿನ ತೆರಿಗೆದಾರರು. ಪೋಷಕರ ವಕೀಲರ ಖರ್ಚು 20 ಲಕ್ಷ ಡಾಲರಿಗೂ ಮಿಕ್ಕಿತ್ತು. ಆಗಲೇ ಆಡಳಿತ ಬದಲಾಗಿತ್ತು ಎಂಬುದನ್ನು ಪರಿಗಣಿಸಿ 10 ಲಕ್ಷ ಡಾಲರಿಗೆ ಇತ್ಯರ್ಥ ಮಾಡಿಕೊಂಡರು. ನಿರ್ಣಯಕ್ಕೆ ಕೈಯೆತ್ತಿದ ಸದಸ್ಯರು ಸ್ವಂತ ಜೇಬಿನಿಂದ ಕೊಡಬೇಕಾಗಲಿಲ್ಲ.

ತತ್ತ್ವಜಿಜ್ಞಾಸು:

ಲೆಬೆಕ್ಕಿನ ಉದಾಹರಣೆ ಆ ಪಾಠಪಟ್ಟಿ ಕೆಟ್ಟದಾಗಿತ್ತು ಎಂಬುದನ್ನು ತೋರಿಸುತ್ತದೆಯೇ ಹೊರತು ಅಂಥ ಪಾಠವೇ ಅಸಾಧ್ಯ ಎಂಬುದನ್ನಲ್ಲ. ಉದಯನರನ್ನೂ ರಾಮಾನುಜರನ್ನೂ ಪ್ರಾಮಾಣಿಕವಾಗಿ ಎದುರುಬದುರು ಇಟ್ಟು ಕಲಿಸಬಹುದೆಂದು ನಾನು ಈಗಲೂ ನಂಬುತ್ತೇನೆ.

ಮಲೆನಾಡಿನ ಮೇಷ್ಟ್ರು:

ಕಲಿಸಬಹುದು ಸಾರ್, ಆದರೆ ಕಲಿಸುವವರು ಯಾರು? ನಮ್ಮ ಶಾಲೆಯಲ್ಲಿ ತತ್ತ್ವಶಾಸ್ತ್ರ ಓದಿದವರು ಒಬ್ಬರೂ ಇಲ್ಲ, ಅಂಥ ಹುದ್ದೆಯೂ ಇಲ್ಲ. ನಾಳೆ ಅಂಥ ಆದೇಶ ಬಂದರೆ ಅದು ನನ್ನ ವೇಳಾಪಟ್ಟಿಗೇ ಸೇರುತ್ತದೆ, ಅದಕ್ಕೆ ಬಿಡುವು ಮಾಡಲು ವಿಜ್ಞಾನದ ಒಂದು ಗಂಟೆ ಹೋಗುತ್ತದೆ. ಅನುವಂಶೀಯತೆಯ ಅಧ್ಯಾಯ ಮುಗಿಸುವಾಗ ವಿಕಾಸದ ಬಗ್ಗೆ ಪುಸ್ತಕದಲ್ಲಿಲ್ಲದ ನಾಲ್ಕು ಮಾತು ಹೇಳುವುದು ಆ ಗಂಟೆಯಲ್ಲೇ.